ಅಂದುಂಞಿಯ ಲೆಕ್ಕದಲ್ಲಿ ಒಂದು ವರ್ಷ

ಆಟಿಯಲ್ಲಿ ಶಿರಿಯ ಹೊಳೆಗೆ ಯಾರೂ ಗಾಳ ಹಾಕುವುದಿಲ್ಲ.
ಕೆಂಪು ನೀರು, ಬುಡಸಮೇತ ಬಂದ ಬಾಳೆ,
ಒಮ್ಮೆ ಯಾರದೋ ಕೋಳಿಗೂಡು, ಬಾಗಿಲು ಹಾಕಿದ್ದು.
ಅಂದುಂಞಿ ನನ್ನ ಹೊಲಿಗೆ ಅಂಗಡಿಯ ಬೆಂಚಿನಲ್ಲಿ ಕೂತು
ಗಾಳದ ಮೊನೆಗಳನ್ನು ಅರಕ್ಕೆ ತಿಕ್ಕುತ್ತಾನೆ.
ನಾನು ಗುಂಡಿ ಕೂರಿಸುತ್ತೇನೆ.
ಮಾತು ಬೇಕಾದರೆ ಮಳೆಯೇ ಆಡುತ್ತದೆ.

ಸೇತುವೆ ಬರುವ ಮೊದಲು ಅವನು ಕಡವಿನ ದೋಣಿಯವ.
ಮೂವತ್ತೊಂದು ವರ್ಷ ಈ ದಡದವರನ್ನು ಆ ದಡಕ್ಕೆ.
ಉದ್ಘಾಟನೆಯ ದಿನ ಅವನಿಗೂ ಒಂದು ಲಡ್ಡು ಸಿಕ್ಕಿತು.

ಸೋಣದಲ್ಲಿ ನೀರು ಚಹಾದ ಬಣ್ಣಕ್ಕೆ ಇಳಿಯುತ್ತದೆ,
ಮೊದಲು ಹಾಲು ಜಾಸ್ತಿಯಾದ ಚಹಾ, ಆಮೇಲೆ ಕಣ್ಣ ಚಹಾ.
ಲೋಟದ ತಳ ಕಂಡ ದಿನ ಎರೆಹುಳು ಅಗೆಯಬೇಕು
ಬಚ್ಚಲ ನೀರು ಹರಿಯುವಲ್ಲಿ.
ಕಿಜನ್ ಕಚ್ಚುವುದು ಮಗು ಸೆರಗು ಜಗ್ಗಿದ ಹಾಗೆ.
ಮುಗುಡು ಸಾಲ ಕೊಟ್ಟವನ ಹಾಗೆ,
ಹಿಡಿದರೆ ಬಿಡುವ ಮಾತೇ ಇಲ್ಲ.
ನೂಲು ಎಷ್ಟು ಸಡಿಲ ಬಿಡಬೇಕೆಂಬುದು
ನನಗೆ ಬೇಗ ಬಂತು. ರವಿಕೆ ಹೊಲಿಯುವವನಲ್ಲವೇ.

ನಿರ್ನಾಲ, ಬೊಂತೆಲ್. ಅತ್ತಿಹಣ್ಣು ಉದುರುವ ಕಯ.
ಹಣ್ಣಿನ ಕೆಳಗೆ ಪೆರುವೋಲು ಉಂಟೆಂದು
ಎಂಟು ವರ್ಷದಿಂದ ಹೇಳುತ್ತಿದ್ದಾನೆ.
ಮೊದಲ ವರ್ಷ ಅದು ಮೊಣಕೈಯಷ್ಟಿತ್ತು,
ಈಗ ತೊಟ್ಟಿಲಷ್ಟಾಗಿದೆ.
ನಾನು ನೋಡಿಲ್ಲ.

ಚಳಿ ಬಿದ್ದ ಮೇಲೆ ಊರವರು ಹೊಳೆಗೆ ಕಟ್ಟ ಹಾಕುತ್ತಾರೆ,
ಕಲ್ಲು, ಮಣ್ಣು, ಸೊಪ್ಪು, ಒಂದಷ್ಟು ಜಗಳ.
ನೀರು ನಿಲ್ಲುತ್ತದೆ. ನಿಂತ ನೀರಿನ ಮೀನಿಗೆ ಸೋಮಾರಿತನ.
ಆಗ ನಾವು ಬಂದ್ಯೋಡಿನ ಬಸ್ಸು ಹತ್ತಿ
ಉಪ್ಪು ಮೇಲೇರುವಲ್ಲಿಗೆ, ಕಾಂಡ್ಲದ ಬೇರುಗಳಿಗೆ.
ಸಿಗಡಿಯ ಚೂರಿಗೆ ಇರ್ಪೆ.
ಬರುವಾಗ ಕಂಡಕ್ಟರಿಗೆ ನಾತ, ನಮಗೆ ಸೀಟು.

ಪಗ್ಗುವಿನಲ್ಲಿ ಒಮ್ಮೆ ಹೋಟೆಲಿನ ಟೀವಿಯಲ್ಲಿ
ಹಿಮದ ದೇಶದ ಹೊಳೆ, ಸಾಲ್ಮನ್ ಎಂಬ ಮೀನು.
ಸಮುದ್ರ ಬಿಟ್ಟು, ಅನ್ನ ಬಿಟ್ಟು, ಕೆಂಪಾಗಿ,
ಅಬ್ಬಿಯ ಮೇಲಕ್ಕೆ ನೆಗೆಯುತ್ತಿತ್ತು.
ಅಂದುಂಞಿ ದೋಸೆ ಮುರಿಯುತ್ತಾ ಅಂದ:
“ನಮ್ಮದು ಅಷ್ಟೆತ್ತರ ಹಾರಲಿಕ್ಕಿಲ್ಲ,
ಹೊಟ್ಟೆಯಲ್ಲೇ ತೆವಳುತ್ತದೆ ಮಾರಾಯ.
ಹೋಗುವುದು ಮಾತ್ರ ಅಲ್ಲಿಗೇ.”

ಬೇಶದ ಬಗ್ಗೆ ಹೇಳುವಂಥದ್ದೇನಿಲ್ಲ.
ಮದುವೆಯ ರವಿಕೆ, ಶಾಲೆಯ ಯೂನಿಫಾರ್ಮು.

ಕಾರ್ತೆಲಿನ ಮೊದಲ ದೊಡ್ಡ ಮಳೆಗೆ ಉಬರ್.
ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ
ಮೀನು ಹತ್ತುತ್ತದೆ, ಬೆನ್ನು ನೀರಿನಿಂದ ಹೊರಗೆ.
ಊರಿಡೀ ಟಾರ್ಚು, ಕತ್ತಿ, ಗೋಣಿ, ಕೂಗು.
ನನಗಾಗ ಇಪ್ಪತ್ತಮೂರು.
ಒಂದಕ್ಕೆ ಕಡಿದೆ. ಹೊಟ್ಟೆ ಒಡೆದು
ಸಾಸಿವೆಯಂಥ ಮೊಟ್ಟೆ ಮೊಣಕಾಲಿಗೆಲ್ಲ ಹತ್ತಿತು,
ಅಂಥ ಮಳೆಯಲ್ಲೂ ತೊಳೆದು ಹೋಗಲಿಲ್ಲ.

ಅಂದುಂಞಿ ಒಬ್ಬನೇ ಒಡೆದ ಕಟ್ಟದ ಬಾಯಲ್ಲಿ
ಬೆಳಕಿಲ್ಲದೆ ನಿಂತು ಕಲ್ಲು ಸರಿಸುತ್ತಿದ್ದ.
“ನೀನು ಹಿಡಿಯುವುದಿಲ್ಲವಾ?” ಕೇಳಿದೆ.
“ಕಡವಿನಲ್ಲಿ ಬಸುರಿಯರ ಹತ್ತಿರ
ನಾನು ಯಾವತ್ತೂ ಕಾಸು ತೆಗೆದುಕೊಂಡದ್ದಿಲ್ಲ,” ಅಂದ,
ಇನ್ನೊಂದು ಕಲ್ಲು ಎತ್ತಿದ.
ಆ ಮೀನನ್ನು ನಾನು ಮನೆಗೆ ಒಯ್ದೆ.
ತಾಯಿ ಸಾರು ಮಾಡಿದರು. ಉಂಡೆ. ರುಚಿಯಾಗಿಯೇ ಇತ್ತು.

ಈಗ ಅವನ ಕಣ್ಣಿಗೆ ಪೊರೆ.
ಗಾಳದ ಕಿವಿಗೆ ನೂಲು ಪೋಣಿಸುವವ ನಾನು,
ಗಂಟನ್ನು ನಾಲಿಗೆಯಲ್ಲಿ ಒದ್ದೆ ಮಾಡಿ ಬಿಗಿಯುವವ ಅವನು.
ಈ ಸಲದ ಉಬರಿಗೂ ಕೈಹಿಡಿದು ಕರೆತಂದೆ.
ತೋಡಿನ ಬದಿಯಲ್ಲಿ ಕೊಡೆಯಡಿ ನಿಂತು
ನೀರು ಸೀಳುವ ಸದ್ದನ್ನೇ ಲೆಕ್ಕ ಹಾಕುತ್ತಿದ್ದ:
ಹದಿನಾರು. ಹದಿನೇಳು.
ಇದು ದೊಡ್ಡದು, ಎರಡೆಂದು ಬರೆದುಕೋ.

ಆಚೆ ಗದ್ದೆಯಲ್ಲಿ ಒಂದು ಟಾರ್ಚು ಹೊತ್ತಿತು,
ಯಾರೋ ಹುಡುಗ, ನಮ್ಮ ಕಡೆಗೆ.
ನಾನು ಕೊಡೆಯನ್ನು
ನೀರಿನ ಮೇಲಕ್ಕೆ ವಾಲಿಸಿದೆ.